ಫೈಲ್ ಓಪನ್ ಆಗ್ತಿಲ್ವಾ? ಮೊದಲು ಅದರ ಬಾಲ ನೋಡಿ

ಕೊಡಗಿನ ಕೈಲ್‌ಮುಹೂರ್ತ ಹಬ್ಬದ ಕ್ರೀಡಾಕೂಟಕ್ಕೆ ಗೋಣಿಕೊಪ್ಪದ ಅಂಗಡಿಯೊಂದರಲ್ಲಿ ಬ್ಯಾನರ್ ಮಾಡಿಸಿದ ಚಿಕ್ಕಪ್ಪ ಫೋನ್ ಮಾಡಿ, "ಅವ್ರು ಕಳಿಸಿದ ಫೈಲ್ ಓಪನ್ನೇ ಆಗ್ತಿಲ್ಲ, ಕೆಟ್ಟು ಹೋಗಿದ್ಯಾ ನೋಡು" ಅಂದರು. ಫೈಲಿಗೆ ಏನೂ ಆಗಿರಲಿಲ್ಲ. ಹೆಸರಿನ ಕೊನೆಗೆ, ಚುಕ್ಕಿ ಆದ ಮೇಲೆ ಸಿಡಿಆರ್ ಅಂತಿತ್ತು. ಫೈಲಿನ ಬಾಲ ಅಂದ್ರೆ ಇದೇ, ಇಂಗ್ಲಿಷಲ್ಲಿ ಎಕ್ಸ್‌ಟೆನ್ಶನ್; ಅದು ಯಾವ ಥರದ ಫೈಲ್ ಅಂತ ಹೇಳುತ್ತದೆ. ಅದು ಡಿಸೈನ್ ಮಾಡೋ ಸಾಫ್ಟ್‌ವೇರ್ ಕೋರೆಲ್‌ಡ್ರಾದ ಫೈಲ್, ತೆರೆಯೋ ಆ್ಯಪ್ ಅವರ ಫೋನಲ್ಲಿರಲಿಲ್ಲ, ಅಷ್ಟೇ. ಪಿಡಿಎಫ್ ತರಿಸಿಕೊಂಡ ಕೂಡಲೇ ಕಾಣಿಸಿತು.

ಕನ್ನಡದವರಿಗೆ ಪಿಡಿಎಫ್ ಇನ್ನೊಂದು ಕಾರಣಕ್ಕೂ ಬೇಕು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೇ ಫಾಂಟಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಯಾಕಂದ್ರೆ ವರ್ಡ್ ಫೈಲ್ ಸಾಮಾನ್ಯವಾಗಿ ಫಾಂಟನ್ನು ಜೊತೆಗೆ ಒಯ್ಯುವುದಿಲ್ಲ. ಪಿಡಿಎಫ್‌ನಲ್ಲಿ ಫಾಂಟನ್ನೂ ಒಳಗೇ ಸೇರಿಸಿಡಬಹುದು.

ಉಳಿದವು ಸುಲಭ. ಯಾವುದೇ ವಿಡಿಯೋ ಹಠ ಮಾಡಿದರೆ ವಿಎಲ್‌ಸಿ ಅನ್ನೋ ಪ್ಲೇಯರ್ ಹಾಕಿ ನೋಡಿ. ತೋಟದ ಲೆಕ್ಕದ ಎಕ್ಸೆಲ್ ಶೀಟಿಗೆ, ವರ್ಡ್ ಫೈಲಿಗೆ ದುಡ್ಡಿಲ್ಲದೆ ಸಿಗುವ ಲಿಬ್ರೆಆಫೀಸ್ ಸಾಕು.

ಆದರೆ ಬಾಲ ಬದಲಿಸಿದರೆ ಒಳಗಿರೋದು ಬದಲಾಗಲ್ಲ. ಆನ್‌ಲೈನ್ ಅರ್ಜಿಗೆ ಪಿಡಿಎಫ್ ಕೇಳಿದಾಗ ಫೋಟೋದ ಜೆಪಿಜಿ ಅಳಿಸಿ ಪಿಡಿಎಫ್ ಅಂತ ಬರೆದು ಹಾಕುವವರಿದ್ದಾರೆ, ಅದು ನಡೆಯೋದಿಲ್ಲ. ನಿಜವಾದ ಪಿಡಿಎಫ್ಅನ್ನು ನೋಟ್‌ಪ್ಯಾಡಲ್ಲಿ ತೆರೆದು ನೋಡಿ, ಮೊದಲ ಸಾಲಲ್ಲೇ ಶೇಕಡಾ ಚಿಹ್ನೆ, ಪಕ್ಕದಲ್ಲಿ ಪಿಡಿಎಫ್ ಅಂತ ಇರುತ್ತದೆ. ಆಫೀಸ್ 2007ರಿಂದ ಬಳಕೆಗೆ ಬಂದ ವರ್ಡ್‌ನ ಡಾಕ್ಸ್ ಫೈಲನ್ನು ಹಾಗೇ ತೆರೆದರೆ ಶುರುವಲ್ಲೇ ಪಿ, ಕೆ ಅನ್ನೋ ಎರಡು ಅಕ್ಷರ. ಜಿಪ್ ಫೈಲ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು, ಡಾಕ್ಸ್ ಅಂದ್ರೆ ಅಸಲಿಗೆ ಜಿಪ್ಪೇ! ಅದರ ಒಂದು ಕಾಪಿ ಮಾಡಿ, ಬಾಲಕ್ಕೆ ಜಿಪ್ ಅಂತ ಹಾಕಿ ತೆರೆದರೆ, ವರ್ಡ್ ಫೋಲ್ಡರಿನೊಳಗೆ ಮೀಡಿಯಾ ಅಂತ ಇನ್ನೊಂದು ಫೋಲ್ಡರ್, ಅದರಲ್ಲಿ ಆ ಫೈಲಿನ ಫೋಟೋಗಳೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ನನಗಂತೂ ಇದು ತುಂಬಾ ಇಷ್ಟ.

ವಿಂಡೋಸ್ ತಾನಾಗೇ ಬಾಲ ಮುಚ್ಚಿಡುತ್ತದೆ. ಇದು ಕೆಟ್ಟ ಅಭ್ಯಾಸ ಅಂತಲೇ ನನ್ನ ಅಭಿಪ್ರಾಯ. "ಬಿಲ್.ಪಿಡಿಎಫ್.ಇಎಕ್ಸ್ಇ" ಅಂತ ಬಂದ ವೈರಸ್ (ಇಎಕ್ಸ್ಇ ಅಂದ್ರೆ ಒತ್ತಿದರೆ ಓಡುವ ಪ್ರೋಗ್ರಾಂ) ನಿಮಗೆ ಬರೀ "ಬಿಲ್.ಪಿಡಿಎಫ್" ಅಂತ ಕಾಣುತ್ತದೆ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು ವ್ಯೂ, ಶೋ, ಆಮೇಲೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಿ. ಇವತ್ತೇ ಮಾಡಿ.

ಫೋನಲ್ಲಿ ಎಪಿಕೆ ಅನ್ನೋ ಬಾಲದ ಮೇಲೆ ಜಾಸ್ತಿ ನಿಗಾ ಇರಲಿ, ಅದು ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್. ಮದುವೆ ಕಾಗದ, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟು ವಾಟ್ಸಾಪಲ್ಲಿ ಕಳಿಸುತ್ತಾರೆ. ಗೊತ್ತಿರೋರ ನಂಬರಿಂದ ಬಂದರೂ ಮುಟ್ಟಬೇಡಿ, ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಕಾಗದಕ್ಕೆ ಜೆಪಿಜಿಯೋ ಪಿಡಿಎಫ್ಓ ಸಾಕಲ್ವಾ, ಆ್ಯಪ್ ಯಾಕೆ ಬೇಕು? ಆಗಲೇ ಇನ್‌ಸ್ಟಾಲ್ ಮಾಡಿದ್ದರೆ ಮೊದಲು ನೆಟ್ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ, ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.