ಸೊಂಟನೋವಿಗೆ ಸ್ಕ್ಯಾನ್ ಯಾಕೆ?

ಸೊಂಟ ಹಿಡಿದುಕೊಂಡ ತಕ್ಷಣ ಎಂಆರ್‌ಐ ಮಾಡಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲ 6 ವಾರ ಅದು ಬೇಡ ಅಂತ ವೈದ್ಯರ ಸಂಘಗಳೇ ಹೇಳುತ್ತವೆ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಇದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಮಾತು ಬೇರೆ. ಆಗ ತಡ ಮಾಡಬಾರದು. ಉಳಿದಂತೆ ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಕಮ್ಮಿಯಾಗುತ್ತದೆ.

ಸುಮ್ನೆ ಸ್ಕ್ಯಾನ್ ಮಾಡಿಸಿದರೆ ತೊಂದರೆ ಏನು? ನೋವೇ ಇಲ್ಲದ ಎಷ್ಟೋ ಜನರ ಬೆನ್ನಿನಲ್ಲೂ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿರುವುದು ಕಾಣುತ್ತದೆ. ವಯಸ್ಸಾದಂತೆ ಕೂದಲು ನೆರೆಯುವ ಹಾಗೆ ಅದು. ಆದರೆ ರಿಪೋರ್ಟಿನಲ್ಲಿ ಆ ಸಾಲು ಓದಿದ ಮೇಲೆ ಮನಸ್ಸು ಕೇಳುವುದಿಲ್ಲ. ಬಗ್ಗಲು ಭಯ, ನಡೆಯಲು ಭಯ. ಕೆಲವರು ಬೇಡದ ಆಪರೇಷನ್‌ವರೆಗೂ ಹೋಗುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

2012ರಲ್ಲಿ ಅಮೆರಿಕದಲ್ಲಿ 'ಚೂಸಿಂಗ್ ವೈಸ್ಲಿ' (ವಿವೇಕದಿಂದ ಆರಿಸಿಕೊಳ್ಳೋಣ) ಅನ್ನೋ ಅಭಿಯಾನ ಶುರುವಾಯಿತು. ಬೇರೆ ಬೇರೆ ವಿಭಾಗಗಳ ವೈದ್ಯರು ತಮ್ಮದೇ ಕ್ಷೇತ್ರದ ಬೇಡದ ಪರೀಕ್ಷೆ, ಚಿಕಿತ್ಸೆಗಳನ್ನು ಪಟ್ಟಿ ಮಾಡಿದರು. ಸೊಂಟನೋವಿನ ಸ್ಕ್ಯಾನ್ ಬಗ್ಗೆ ಮೇಲೆ ಹೇಳಿದ ಮಾತಿನ ಜೊತೆಗೆ, ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯಾಟಿಕ್ ಬೇಡ ಅನ್ನುವುದೂ ಅದರಲ್ಲಿದೆ. ತಮ್ಮ ಕೆಲಸವನ್ನು ತಾವೇ ಹೀಗೆ ಪ್ರಶ್ನಿಸಿಕೊಂಡರಲ್ಲ, ಅದು ನಿಜಕ್ಕೂ ದೊಡ್ಡ ವಿಷಯ.

"ಈ ಟೆಸ್ಟ್ ಮಾಡಿಸದಿದ್ದರೆ ಏನಾಗುತ್ತದೆ ಡಾಕ್ಟ್ರೇ? ರಿಪೋರ್ಟ್ ಬಂದ ಮೇಲೆ ಚಿಕಿತ್ಸೆ ಬದಲಾಗುತ್ತದಾ?" ಅಂತ ಧೈರ್ಯವಾಗಿ ಕೇಳಿ. ಹಾಗೆ ಕೇಳುವುದು ಅಗೌರವ ಅಲ್ಲವೇ ಅಲ್ಲ.