ಐಟಿಐ ವರ್ಕ್‌ಶಾಪಿನಲ್ಲಿ ಐಒಟಿ: ಐದನೇ ವಾರ

ಎಲೆಕ್ಟ್ರಿಷಿಯನ್ ಟ್ರೇಡಿನ ನಮ್ಮ ಮಕ್ಕಳಿಗೆ ಐಒಟಿ (ಇಂಟರ್ನೆಟ್ ಮೂಲಕ ಯಂತ್ರಗಳನ್ನ ದೂರದಿಂದಲೇ ನೋಡೋದು, ನಡೆಸೋದು) ಕಲಿಸೋಕೆ ಶುರು ಮಾಡಿ ಐದು ವಾರ ಆಯಿತು. ಮೊದಲ ಎರಡು ವಾರ ಬರೀ ಕೋಡಿಂಗ್ ಹೇಳಿಕೊಟ್ಟೆ. ಅದು ನನ್ನ ತಪ್ಪು. ಪಾಪ, ಸುಮ್ನೆ ಬೋರ್ಡ್ ನೋಡಿ ಬರೆದುಕೊಂಡರು, ಅಷ್ಟೇ.

ಮೂರನೇ ವಾರ ಎಲ್ಲರನ್ನೂ ಪಂಪ್ ಮೋಟಾರಿನ ಸ್ಟಾರ್ಟರ್ ಪ್ಯಾನೆಲ್ ಮುಂದೆ ನಿಲ್ಲಿಸಿ, "ಇದನ್ನ ಮನೆಯಲ್ಲೇ ಕೂತು ಆನ್ ಮಾಡೋದು ಹೇಗೆ?" ಅಂತ ಕೇಳಿದೆ. ತರಗತಿಯೇ ಬದಲಾಯಿತು! ಹೆಚ್ಚಿನವರು ರೈತರ ಮಕ್ಕಳು. ರಾತ್ರಿ ತ್ರೀ ಫೇಸ್ ಬಂದರೆ ಅಪ್ಪ ಟಾರ್ಚ್ ಹಿಡಿದು ತೋಟಕ್ಕೆ ಓಡೋದನ್ನ ನೋಡಿ ಬೆಳೆದವರು.

ಒಬ್ಬ ಹುಡುಗಿ ತಕ್ಷಣ ಹೇಳಿದಳು: "ಸರ್, ಒಂದೇ ರಿಲೇ (ಸಿಗ್ನಲ್ ಕೊಟ್ಟರೆ ಆನ್-ಆಫ್ ಆಗೋ ಸ್ವಿಚ್) ಹಾಕಿ ಒತ್ತಿ ಹಿಡಿದ ಹಾಗೆ ಇಟ್ಟರೆ ಕರೆಂಟ್ ಹೋಗಿ ಬಂದಾಗ ಮೋಟಾರ್ ತಾನಾಗೇ ಶುರುವಾಗುತ್ತೆ. ಯಾರಾದರೂ ರಿಪೇರಿ ಮಾಡ್ತಿದ್ರೆ?" ಅವಳು ಹಾಗೆ ಹೇಳಿದ್ದಕ್ಕೇ ಈಗ ಎರಡು ರಿಲೇ ಬಳಸುತ್ತಿದ್ದೇವೆ. ಒಂದು ಹಸಿರು ಬಟನ್‌ಗೆ ಪ್ಯಾರಲಲ್, ಒಂದು ಸೆಕೆಂಡ್ ಮಾತ್ರ ಆನ್. ಇನ್ನೊಂದು ಕೆಂಪು ಬಟನ್‌ಗೆ ಸೀರೀಸ್. ಹಿಡಿದಿಡೋ ಕೆಲಸ ಸ್ಟಾರ್ಟರಿನ ಕಾಯಿಲ್‌ದೇ, ಕರೆಂಟ್ ಹೋದರೆ ಅದು ಬಿಟ್ಟುಬಿಡುತ್ತೆ. ಲೋಡ್ ಜಾಸ್ತಿಯಾದರೆ ಮೋಟಾರ್ ನಿಲ್ಲಿಸೋ ಓವರ್‌ಲೋಡ್ ರಿಲೇಯನ್ನು ಮುಟ್ಟಿಲ್ಲ.

ಈ ವಾರ ಮಣ್ಣಿನ ತೇವದ ಸೆನ್ಸರ್. ಎರಡು ಕಡ್ಡಿಯ ಅಗ್ಗದ ಸೆನ್ಸರ್ ಒದ್ದೆ ಮಣ್ಣಲ್ಲಿ ಬೇಗ ತುಕ್ಕು ಹಿಡಿಯುತ್ತೆ, ಹಾಗಾಗಿ ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ತರಿಸಿದೆ. ಇಎಸ್‌ಪಿ32 ಅನ್ನೋ ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡಿನ 25ನೇ ಪಿನ್ನಿಗೆ ಹಾಕಿದೆವು. ರೀಡಿಂಗ್ ಚೆನ್ನಾಗಿ ಬರ್ತಿತ್ತು. ವೈಫೈ ಸೇರಿಸಿದ ಕೂಡಲೇ ನಿಂತುಹೋಯಿತು. ಸೆನ್ಸರ್ ಬದಲಿಸಿದೆವು, ವೈರ್ ಬದಲಿಸಿದೆವು. ಏನೂ ಆಗಲಿಲ್ಲ.

ಹಿಂದಿನ ಬೆಂಚಿನ ಹುಡುಗ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡ. ಮನೆ ವೈರಿಂಗಲ್ಲಿ ಎಂಸಿಬಿ ಬಿದ್ದಾಗ ಒಂದೊಂದೇ ಲೋಡ್ ತೆಗೆದು ನೋಡ್ತೀವಲ್ವಾ, ಹಾಗೇ ಪ್ರೋಗ್ರಾಮಿನ ಒಂದೊಂದೇ ಭಾಗ ತೆಗೆಯುತ್ತಾ ಹೋದ. ವೈಫೈ ತೆಗೆದ, ರೀಡಿಂಗ್ ಬಂತು. ಹಾಕಿದ, ಹೋಯಿತು. "ಸರ್, ಫಾಲ್ಟ್ ಇಲ್ಲೇ ಇದೆ." ಆಮೇಲೆ ಡೇಟಾಶೀಟ್ ತೆಗೆದು ಜೊತೆಯಲ್ಲಿ ಓದಿದೆವು. ಎಡಿಸಿ ಅಂದರೆ ಸೆನ್ಸರಿನ ವೋಲ್ಟೇಜನ್ನ ಅಂಕಿಯಾಗಿ ಬದಲಿಸೋ ಭಾಗ. ಆ ಚಿಪ್ಪಿನ ಎಡಿಸಿ2 ಭಾಗವನ್ನ ವೈಫೈ ಕೂಡ ಬಳಸುತ್ತೆ. 25ನೇ ಪಿನ್ ಅದರದ್ದೇ. ಎಡಿಸಿ1ಕ್ಕೆ ಸೇರಿದ 34ಕ್ಕೆ ವೈರ್ ಹಾಕಿದ ಮೇಲೆ ಸರಿಹೋಯಿತು. ಅವನ ಕೋಡಿಂಗ್ ಇನ್ನೂ ತಡವರಿಸುತ್ತೆ. ಫಾಲ್ಟ್ ಹುಡುಕೋ ಕೈ ಮಾತ್ರ ಪಳಗಿದೆ, ಅದಕ್ಕೆ ನನಗೆ ತುಂಬಾ ಖುಷಿ.

ಒಣ ಮಣ್ಣಲ್ಲಿ ನಮ್ಮ ಸೆನ್ಸರ್ 2600ರ ಆಸುಪಾಸು ತೋರಿಸುತ್ತೆ, ನೀರು ಹಾಕಿದರೆ 1200ಕ್ಕೆ ಇಳಿಯುತ್ತೆ. ತೇವ ಜಾಸ್ತಿಯಾದರೆ ಅಂಕಿ ಕಮ್ಮಿ. ಸೋಮವಾರ ಮಕ್ಕಳು ತಂತಮ್ಮ ಹೊಲದ ಮಣ್ಣು ತರ್ತಾರೆ. ಕೆಂಪು, ಕಪ್ಪು ಎರಡಕ್ಕೂ ಬೇರೆ ಬೇರೆ ಅಳತೆ ಗುರುತು ಮಾಡಿಕೊಳ್ಳಬೇಕು. ಅಲ್ಲಿವರೆಗೆ ರಿಲೇಗಳು ಮೋಟಾರಿಗಲ್ಲ, ಬಲ್ಬಿಗೆ ಮಾತ್ರ.