ಈಸ್ಟ್ ಬ್ರಾಡ್‌ವೇಯಲ್ಲಿ ಗಿಂಪಲ್‌ನನ್ನು ಹುಡುಕುತ್ತಾ

ನ್ಯೂಯಾರ್ಕಿನಲ್ಲಿ ನನಗೆ ಮುಖ್ಯವಾಗಿ ನೋಡಬೇಕಿದ್ದದ್ದು ನೂರು ವರ್ಷ ಹಳೆಯ ಒಬ್ಬ ಮದುವೆ ದಲ್ಲಾಳಿಯನ್ನು. ಅವನ ಹೆಸರು ಗಿಂಪಲ್ ಬೇನಿಶ್. 1912ರಲ್ಲಿ 'ಡಿ ವಾರ್ಹೈಟ್' ಎಂಬ ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ದಿನಪತ್ರಿಕೆಗೆ ಸ್ಯಾಮ್ಯುಯೆಲ್ ಝಗಾಟ್ ಬರೆಯತೊಡಗಿದ ಚಿತ್ರಪಟ್ಟಿಯ, ಅಂದರೆ ಕಾಮಿಕ್ ಸ್ಟ್ರಿಪ್ಪಿನ, ನಾಯಕ.

ಮೊದಲ ದಿನ 42ನೇ ಬೀದಿಯ ಸಾರ್ವಜನಿಕ ಗ್ರಂಥಾಲಯದ ಯಹೂದಿ ವಿಭಾಗಕ್ಕೆ ಹೋದೆವು. ಜೊತೆಗಿದ್ದ ಗೆಳತಿಯ ಅಜ್ಜಿ ಮನೆಯಲ್ಲಿ ಯಿಡ್ಡಿಷ್ ಆಡುತ್ತಿದ್ದವರು. ಹಳೆಯ ಪುಟ ತೆರೆದುಕೊಂಡಿತು. ಗಡ್ಡದ ಪುಟ್ಟ ಆಸಾಮಿ ನೆಲಕ್ಕೆ ಬಿದ್ದಿದ್ದಾನೆ! ಯಾಕೆ ಬಿದ್ದ ಎಂದು ಮುಂದಿನ ಚೌಕ ನೋಡಿದರೆ ಎದ್ದು ನಿಂತು ಯಾರಿಗೋ ಏನನ್ನೋ ಒಪ್ಪಿಸುತ್ತಿದ್ದಾನೆ. ಗೆಳತಿ ನನ್ನ ಬೆರಳು ಹಿಡಿದು ಬಲತುದಿಗೆ ಇಟ್ಟಳು. ಯಿಡ್ಡಿಷ್ ಬಲದಿಂದ ಎಡಕ್ಕೆ ಓದುವ ಭಾಷೆ, ಚಿತ್ರಗಳೂ ಹಾಗೇ ಸಾಗುತ್ತವೆ. ಎಡದಿಂದ ಹೊರಟ ನಾನು ಏಟನ್ನು ಮೊದಲು ಕಂಡಿದ್ದೆ, ಕಾರಣವನ್ನು ಆಮೇಲೆ. ಬಲದಿಂದ ಮತ್ತೆ ನೋಡಿದೆ. ಒಂದಕ್ಷರ ತಿಳಿಯದಿದ್ದರೂ ನಗು ಉಕ್ಕಿತು. ಹೊಸ ಊರಿಗೆ ಬಂದಿಳಿದವರಿಗೆ ಗಂಡು ಹೆಣ್ಣು ಕೂಡಿಸಲು ಓಡಾಡುವ ಈ ಮನುಷ್ಯನ ಅವಸರ, ಆಸೆ, ಬೀಳುವಿಕೆ ಎಲ್ಲಾ ಗೆರೆಯಲ್ಲೇ ಇದೆ.

ಅದೇ ಊರಿನಲ್ಲಿ, 1914ರಲ್ಲಿ, ಹ್ಯಾರಿ ಹರ್ಷ್‌ಫೀಲ್ಡ್ 'ನ್ಯೂಯಾರ್ಕ್ ಜರ್ನಲ್' ಪತ್ರಿಕೆಗೆ 'ಏಬಿ ದ ಏಜೆಂಟ್' ಶುರುಮಾಡಿದರು. ಇದು ಇಂಗ್ಲಿಷಿನ ಚಿತ್ರಪಟ್ಟಿ. ಏಬಿ ಕಬಿಬಲ್ ಕಾರು ಮಾರುವವನು, ಮರ್ಯಾದಸ್ಥ ಸಂಸಾರಿಯಾಗಲು ಹೆಣಗುವವನು. ಆಗ ನಾಟಕದ ವೇದಿಕೆಗಳಲ್ಲಿ ಯಹೂದಿ ಎಂದರೆ ಹೀಯಾಳಿಕೆಯ ಸೊಟ್ಟ ವೇಷ. ಅದರ ಬದಲು ನೆರೆಮನೆಯವನಂಥ ಒಬ್ಬನನ್ನು ನಿಲ್ಲಿಸಿದ್ದಕ್ಕೆ ಹರ್ಷ್‌ಫೀಲ್ಡರ ಮೇಲೆ ನನಗೆ ಬಹಳ ಗೌರವ.

ಮರುದಿನ ಎಫ್ ಟ್ರೇನು ಹಿಡಿದು ಈಸ್ಟ್ ಬ್ರಾಡ್‌ವೇಯಲ್ಲಿ ಇಳಿದೆವು. ಸಮೀಪದಲ್ಲೇ 'ಫಾರ್ವರ್ಡ್' ಎಂಬ ಸಮಾಜವಾದಿ ಯಿಡ್ಡಿಷ್ ಪತ್ರಿಕೆಗಾಗಿ ಕಟ್ಟಿ 1912ರಲ್ಲಿ ಮುಗಿದ ಹತ್ತು ಅಂತಸ್ತಿನ ಕಟ್ಟಡ. ಮುಂದೆ ಝಗಾಟ್ ದಶಕಗಳ ಕಾಲ ಚಿತ್ರ ಬರೆದದ್ದು ಈ ಪತ್ರಿಕೆಗೇ. ಬಾಗಿಲ ಮೇಲೆ ಮಾರ್ಕ್ಸ್, ಏಂಗೆಲ್ಸರ ಉಬ್ಬುಶಿಲ್ಪ. ಈಗ ಒಳಗೆಲ್ಲಾ ವಾಸದ ಮನೆಗಳು. ಕತ್ತೆತ್ತಿ ಯಿಡ್ಡಿಷ್ ಅಕ್ಷರಗಳನ್ನು ನೋಡಿದೆವು, ಅಷ್ಟೇ.

ಎದುರಿನ ಸೀವರ್ಡ್ ಪಾರ್ಕಿನ ಬೆಂಚಿನ ಮೇಲೆ ಕೂತು ಗೆಳತಿ ಚೀಲದಿಂದ ಮಿಲ್ಟ್ ಗ್ರಾಸ್ ಅವರ 'ನೈಝ್ ಬೇಬಿ' ತೆಗೆದಳು. 1926ರ ಪುಸ್ತಕ. ಗ್ರಾಸ್ ಬ್ರಾಂಕ್ಸಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ. 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗೆ ಬರೆದ ಅಂಕಣದಿಂದ ಬೆಳೆದದ್ದು ಈ ಪುಸ್ತಕ, ಆಮೇಲೆ ಇದೇ ಹೆಸರಿನ ಭಾನುವಾರದ ಚಿತ್ರಪಟ್ಟಿಯೂ ಆಯಿತು. ವಠಾರದ ಒಂದೊಂದು ಮಹಡಿಯ ಹೆಂಗಸರು ಮಾತಾಡಿಕೊಳ್ಳುತ್ತಾರೆ. ಅಪ್ಪನ ಕೈಯಲ್ಲಿ ಇಸಿಡೋರ್ ಎಂಬ ಹುಡುಗನಿಗೆ ಏಟು ಬೀಳುತ್ತದೆ. ಯಿಡ್ಡಿಷ್ ನಾಲಗೆಯಲ್ಲಿ ಹೊರಳಿದ ಇಂಗ್ಲಿಷನ್ನು ಗ್ರಾಸ್ ಕೇಳಿದ ಹಾಗೇ ಬರೆದರು: 'ನೈಸ್' ಅಲ್ಲ, 'ನೈಝ್'. ನಾನು ಕಣ್ಣಲ್ಲಿ ಓದಿದಾಗ ಪುಟ ಕಗ್ಗಂಟಾಗಿತ್ತು. ಗೆಳತಿ ಅಜ್ಜಿಯ ಧಾಟಿಯಲ್ಲಿ ಗಟ್ಟಿಯಾಗಿ ಓದಿದಳು ನೋಡಿ, ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು. ಕೈಲಾಸಂ ನಾಟಕಗಳ ಮಾತನ್ನು ಮೌನವಾಗಿ ಓದಿದರೆ ಹೇಗೆ ದಕ್ಕುವುದಿಲ್ಲವೋ ಇದೂ ಹಾಗೆ, ಕಿವಿಗೆ ಬೀಳಬೇಕು.

ನಾಲ್ಕನೇ ಮಹಡಿಯ ತಾಯಿಯ ಭಾಗ ಬಂತು. ಮಗುವಿಗೆ ಊಟ ಬೇಡ. 'ತಿನ್ನು, ಕಥೆ ಹೇಳ್ತೀನಿ' ಎಂದು ಅವಳು ಪುಸಲಾಯಿಸುತ್ತಾಳೆ. ಚಂದಮಾಮನನ್ನು ತೋರಿಸುತ್ತಾ ನಮ್ಮಮ್ಮ ತುತ್ತಿಡುತ್ತಿದ್ದ ಜಗಲಿ ನೆನಪಾಯಿತು. ಪಾರ್ಕಿನಲ್ಲಿ ಆಡುತ್ತಿದ್ದ ಒಂದು ಮಗು ಓಡಿಬಂದು ನಮ್ಮೆದುರು ನಿಂತು ಕೇಳತೊಡಗಿತು. ಗೆಳತಿ ಅದರ ಮುಖ ನೋಡಿ, ಪುಟ ಹಿಂದಕ್ಕೆ ತಿರುವಿ, ಮೊದಲಿನಿಂದ ಓದಿದಳು.